ಯಂತ್ರದ ಕಣ್ಣಿಗೆ ಬೀಳದ ಮೊದಲ ಬಸ್ಸು

ಬೆಳಗಿನ ಐದು ಗಂಟೆ ಇನ್ನೂ ಆಗಿಲ್ಲ. ಸ್ಕಾಟ್ಲೆಂಡಿನ ಟೇ ನದಿಯ ಕಡೆಯಿಂದ ಬರುವ ಗಾಳಿಗೆ ಡಿಪೋದ ಕಬ್ಬಿಣದ ಗೇಟು ತನ್ನಷ್ಟಕ್ಕೆ ನರಳುತ್ತಿದೆ. ರೋನಾ ಗೆಡೀಸ್ ಕೈಯಲ್ಲೊಂದು ಟಾರ್ಚು ಹಿಡಿದು ತನ್ನ ಬಸ್ಸಿಗೆ ಒಂದು ಸುತ್ತು ಬರುತ್ತಾರೆ. ದೀಪ ನೋಡುತ್ತಾರೆ, ಚಕ್ರಕ್ಕೆ ಬೂಟಿನ ತುದಿಯಿಂದ ಒಂದು ಒದೆ ಕೊಡುತ್ತಾರೆ, ಬಾಗಿಲು ತೆರೆದು ಮುಚ್ಚಿ ಮತ್ತೆ ತೆರೆಯುತ್ತಾರೆ. ಮುಂದಿನ ಗಾಜಿನ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಕೆರೆದು ತೆಗೆಯುವಾಗ ಬಾಯಲ್ಲಿ ಏನೋ ಗುನುಗು. ಹಾಡಲ್ಲ, ಪ್ರಾರ್ಥನೆ. ಐವತ್ತೆಂಟು ವರ್ಷದ ಈ ಹೆಂಗಸು ದೇವರ ಜೊತೆ ಮಾತಾಡುವುದು ಈ ಹೊತ್ತಿನಲ್ಲಿ ಮಾತ್ರ. "ಆಮೇಲೆ ಪುರುಸೊತ್ತು ಸಿಗಲ್ಲ. ಇಡೀ ದಿನ ಜನ ಮಾತಾಡ್ತಾರೆ, ನಾನು ಕೇಳಿಸ್ಕೋಬೇಕು" ಎನ್ನುತ್ತಾರೆ.

ಖಾಲಿ ಬಸ್ಸು ಕೇರ್ನ್‌ಮೂರ್ ಗುಡ್ಡ ಹತ್ತುತ್ತದೆ. ತುದಿಯ ನಿಲ್ದಾಣದಲ್ಲಿ ಕತ್ತಲೆಗೆ ಬೆನ್ನು ಮಾಡಿ ಏಳೆಂಟು ಜನ ಕಾಯುತ್ತಿದ್ದಾರೆ. ಟೋಪಿ, ಶಾಲು, ಮೂಗಿನವರೆಗೆ ಎಳೆದ ಕಾಲರು. ಬಾಗಿಲು ತೆರೆದುಕೊಂಡ ಕೂಡಲೇ ಡೂಗಿ ಒಳಗೆ ಕಾಲಿಟ್ಟು ಟಿಕೀಟು ಯಂತ್ರದ ಮುಂದೆ ನಿಲ್ಲುತ್ತಾರೆ. ಆಸ್ಪತ್ರೆಯಲ್ಲಿ ರೋಗಿಗಳ ಗಾಲಿಮಂಚ ತಳ್ಳುವ ಕೆಲಸ ಅವರದು.

"ಕಾರ್ಡು, ಡೂಗಿ."

"ಒಳಗಿನ ಕೋಟಲ್ಲಿದೆ ಕಣೆ."

"ತೆಗಿ. ಕಾಯ್ತೀನಿ."

"ಇಷ್ಟು ವರ್ಷದಿಂದ ನನ್ನ ಮುಖ ನೋಡ್ತಿದ್ದೀಯ!"

"ನಿನ್ನ ಮುಖ ನೋಡಿದ್ರೆ ಯಂತ್ರ ಕೂಗಲ್ಲ ಕಣಯ್ಯ. ಹೆದರ್ಕೊಂಡು ಸುಮ್ನಾಗತ್ತೆ."

ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ಡೂಗಿ ಒಂದು ಕೈಗವಸನ್ನು ಹಲ್ಲಲ್ಲಿ ಕಚ್ಚಿ ಗುಂಡಿ ಬಿಚ್ಚುತ್ತಾರೆ, ಅದರೊಳಗಿನ ಇನ್ನೊಂದು ಗುಂಡಿಯನ್ನೂ ಬಿಚ್ಚುತ್ತಾರೆ. ಕೊನೆಗೆ ಕಾರ್ಡು ಹೊರಬಂದು ಯಂತ್ರ 'ಬೀಪ್' ಎಂದಾಗ ಅವರ ಹಿಂದೆ ನಿಂತಿದ್ದ ನೆಟ್ಟಾ ಕಾಬರ್ನ್ ಚಪ್ಪಾಳೆ ತಟ್ಟುತ್ತಾರೆ. ರೋನಾ ಮಾತ್ರ ನಗುವುದಿಲ್ಲ. ಪ್ರತಿಯೊಬ್ಬರ ಕಾರ್ಡಿನ ಸದ್ದನ್ನೂ, ಮಗು ಉಸಿರಾಡುತ್ತಿದೆಯೇ ಎಂದು ಕಿವಿಗೊಡುವ ತಾಯಿಯ ಹಾಗೆ ಕೇಳಿಸಿಕೊಳ್ಳುತ್ತಾರೆ.

ಹೋದ ವರ್ಷದ ಚಳಿಗಾಲದವರೆಗೂ ಈ ಬಸ್ಸಿನಲ್ಲಿ ಇಂಥ ಸದ್ದೇ ಇರಲಿಲ್ಲ. ಕತೆ ಇರುವುದು ಅಲ್ಲೇ.

ರೋನಾ ಹುಟ್ಟಿದ್ದು ಇದೇ ಗುಡ್ಡದ ಇಳಿಜಾರಿನಲ್ಲಿ. ತಾಯಿ ಸೆಣಬಿನ ಗಿರಣಿಯಲ್ಲಿದ್ದವರು. ಯಂತ್ರಗಳ ಗದ್ದಲದಲ್ಲಿ ಕಿವಿ ಕಳೆದುಕೊಂಡು, ಕೊನೆಗಾಲದಲ್ಲಿ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ರೋನಾ ಬಿಸ್ಕತ್ತಿನ ಕಾರ್ಖಾನೆಗೆ ಸೇರಿದರು. ಅದೂ ಮುಚ್ಚಿತು. ಗಂಡ ಅಲೆಕ್ ಇದೇ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. "ಬಸ್ಸು ಓಡಿಸೋದು ಕಲಿ, ನಾನು ರಿಪೇರಿ ಮಾಡ್ತೀನಿ, ನೀನು ಕೆಡಿಸು" ಅಂದರಂತೆ. ಕಲಿತರು. ಅಲೆಕ್ ತೀರಿಕೊಂಡು ಆರು ವರ್ಷವಾಯಿತು. ರೋನಾ ಇನ್ನೂ ಓಡಿಸುತ್ತಿದ್ದಾರೆ. ಸೊಂಟ ಹಿಡಿದುಕೊಳ್ಳುತ್ತದೆ, ಬಲ ಮೊಣಕಾಲು ಮಳೆ ಬರುವ ಮೊದಲೇ ಸುದ್ದಿ ಕೊಡುತ್ತದೆ. ಮೂರೂವರೆಗೆ ಏಳುವ ಅಭ್ಯಾಸ ರಜೆಯ ದಿನವೂ ಬಿಡುವುದಿಲ್ಲ.

ಈಚಿನ ವರ್ಷಗಳಲ್ಲಿ ಡಿಪೋ ಸೊರಗಿದೆ. ಮೊದಲು ಅಂಗಳದಲ್ಲಿ ಬಸ್ಸುಗಳ ನಡುವೆ ಮೈ ಓರೆ ಮಾಡಿಕೊಂಡು ನಡೆಯಬೇಕಿತ್ತು. ಈಗ ಮಧ್ಯದಲ್ಲಿ ಹುಡುಗರು ಕಾಲ್ಚೆಂಡು ಆಡಬಹುದು. ಹಳೆಯ ಬಸ್ಸು ಕೆಟ್ಟರೆ ಹೊಸದು ಬರುವುದಿಲ್ಲ. ಹಿಂದಿನ ಗೋಡೆಯ ಪಕ್ಕ ನಿಲ್ಲಿಸಿ, ಅದರ ಬಾಗಿಲು, ದೀಪ, ಸೀಟು ಎಲ್ಲ ಬಿಚ್ಚಿ ಉಳಿದವಕ್ಕೆ ಹಾಕುತ್ತಾರೆ. ಬಸ್ಸು ಕಮ್ಮಿಯಾದ ಮೇಲೆ ಯಾವುದಾದರೂ ದಾರಿಯಲ್ಲಿ ಓಡಾಟ ನಿಲ್ಲಲೇಬೇಕು. ಒಂದೊಂದಾಗಿ ನಿಲ್ಲುತ್ತ ಬಂತು. ಹೋದ ನವೆಂಬರಿನಲ್ಲಿ ಕೇರ್ನ್‌ಮೂರ್ ನಿಲ್ದಾಣದ ಕಂಬಕ್ಕೂ ಒಂದು ಕಾಗದ ಅಂಟಿಸಿದರು. ಬೆಳಗಿನ ಮೊದಲ ಬಸ್ಸು ಹೊಸ ವರ್ಷದಿಂದ ಇರುವುದಿಲ್ಲ, ಜನ ಎರಡನೆಯ ಬಸ್ಸು ಹಿಡಿಯಬೇಕು ಎಂದು.

ಎರಡನೆಯದು ಬರುವ ಹೊತ್ತಿಗೆ ಆಸ್ಪತ್ರೆಯ ಬೆಳಗಿನ ಪಾಳಿ ಶುರುವಾಗಿರುತ್ತದೆ. ನೆಟ್ಟಾಗೆ ಎಪ್ಪತ್ತೊಂದು ವರ್ಷ. ವಾರ್ಡುಗಳ ನೆಲ ಒರೆಸುವುದು ಅವರ ಕೆಲಸ. "ಪಿಂಚಣಿಯಲ್ಲಿ ಹೊಟ್ಟೆ ತುಂಬತ್ತೆ, ಮನೆ ಬೆಚ್ಚಗಾಗಲ್ಲ. ಬೆಚ್ಚಗಿರೋಕೆ ಕೆಲಸಕ್ಕೆ ಹೋಗ್ತೀನಿ" ಎನ್ನುತ್ತಾರೆ. ಟ್ಯಾಕ್ಸಿಗೆ ಕೊಟ್ಟರೆ ಕೂಲಿಯ ಅರ್ಧ ಹೋಗುತ್ತದೆ. ಹಿಮ ಗಟ್ಟಿಯಾದ ಇಳಿಜಾರಿನಲ್ಲಿ ಆ ವಯಸ್ಸಿಗೆ ಕತ್ತಲಲ್ಲಿ ನಡೆದರೆ, ಆಸ್ಪತ್ರೆ ಸೇರುವುದೇನೋ ಖಂಡಿತ, ಆದರೆ ಕೆಲಸಕ್ಕಲ್ಲ.

ಗುಡ್ಡದ ಜನ ಚರ್ಚಿನ ಸಭಾಂಗಣದಲ್ಲಿ ಸಭೆ ಕರೆದರು. ಪಾದ್ರಿ ಚಿಕ್ಕದಾಗಿ ಪ್ರಾರ್ಥಿಸಿದರು. ಟೀ ಬಂತು. ಬಸ್ ಸಂಸ್ಥೆಯ ಕಡೆಯಿಂದ ಬಂದಿದ್ದ ಮಿಸ್ ಕ್ಯಾಲಂಡರ್ ಸಭ್ಯ ಹೆಂಗಸು, ಯಾರ ಮೇಲೂ ದನಿ ಏರಿಸಿದವರಲ್ಲ. ಗೋಡೆಯ ಮೇಲೆ ಲೆಕ್ಕದ ಚಿತ್ರ ಮೂಡಿಸಿ ತೋರಿಸಿದರು. "ಈ ಬಸ್ಸಿನಲ್ಲಿ ಸರಾಸರಿ ನಾಲ್ಕು ಜನ ಹೋಗ್ತಾರೆ. ಇರೋ ಬಸ್ಸು ಕಮ್ಮಿ. ನಾಲ್ಕು ಜನಕ್ಕೋಸ್ಕರ ಒಂದನ್ನು ಮೀಸಲಿಡೋಕೆ ಆಗಲ್ಲ. ನನಗೂ ಬೇಜಾರೇ."

ಮೊದಲು ನಗೆ ಎದ್ದಿತು. ಆಮೇಲೆ ಸಿಟ್ಟು. ಪ್ರತಿದಿನ ಆ ಬಸ್ಸು ಹತ್ತುವವರು ನಾಲ್ಕಕ್ಕಿಂತ ಎಷ್ಟೋ ಹೆಚ್ಚು ಜನ ಅಲ್ಲೇ ಕೂತಿದ್ದರು.

"ನಾಲ್ಕು ಜನಾನಾ? ಹಾಗಾದ್ರೆ ನಾವೆಲ್ಲ ಏನು, ದೆವ್ವಗಳಾ?" ನೆಟ್ಟಾ ಎದ್ದು ನಿಂತು ಕೇಳಿದರು.

"ಅಮ್ಮಾ, ಯಂತ್ರ ಹೇಳೋದನ್ನ ನಾನು ಹೇಳ್ತಿದೀನಿ."

"ಹಾಗಾದ್ರೆ ನಿಮ್ಮ ಯಂತ್ರಕ್ಕೆ ಕನ್ನಡಕ ಹಾಕ್ಸಿ!"

ಹಿಂದಿನ ಸಾಲಿನಲ್ಲಿ, ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದು ಕೂತಿದ್ದ ರೋನಾ ಆಗ ಟೀ ಲೋಟವನ್ನು ಕುರ್ಚಿಯ ಕೆಳಗಿಟ್ಟರು. ಯಂತ್ರದ ಕಣ್ಣು ಕಟ್ಟಿದ್ದು ಯಾರೆಂದು ಆ ಸಭೆಯಲ್ಲಿ ಅವರೊಬ್ಬರಿಗೇ ಹೊಳೆದಿತ್ತು.

ವರ್ಷಗಳ ಹಿಂದೆ, ಹಿಮ ಮತ್ತು ಮಳೆ ಒಟ್ಟಿಗೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ, ಚಳಿಗೆ ಸೆಟೆದ ನೆಟ್ಟಾಳ ಬೆರಳಿನಿಂದ ಕಾರ್ಡು ಜಾರಿ ಬಸ್ಸಿನ ಕೆಳಗೆ ಬಿತ್ತು. ಹಿಂದಿನವರೆಲ್ಲ ನೆನೆಯುತ್ತ ನಿಂತಿದ್ದರು. "ಹೋಗಿ ಕೂತ್ಕೊಳಿ, ನಾಳೆ ತೋರಿಸಿದ್ರಾಯ್ತು" ಎಂದು ರೋನಾ ಕೈ ಬೀಸಿದರು. ಆ ನಾಳೆ ಬರಲೇ ಇಲ್ಲ. ಸ್ಕಾಟ್ಲೆಂಡಿನಲ್ಲಿ ಅರವತ್ತು ದಾಟಿದವರಿಗೆ ಬಸ್ಸು ಪುಕ್ಕಟೆ. ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು, ಅಷ್ಟೆ. ಈ ಬಸ್ಸಿನವರು ಹೆಚ್ಚಿನವರು ಆ ವಯಸ್ಸಿನವರೇ, ಉಳಿದವರ ಬಳಿ ವಾರದ ಟಿಕೀಟು. ರೋನಾ ಎಲ್ಲರನ್ನೂ ಮುಖ ನೋಡಿಯೇ ಕೈ ಬೀಸಿ ಒಳಗೆ ಕಳಿಸುತ್ತಿದ್ದರು. ಆಗಾಗ ದುಡ್ಡು ಕೊಟ್ಟು ಟಿಕೀಟು ಕೊಳ್ಳುವ ಕೆಲವರು ಮಾತ್ರ ಯಂತ್ರದ ಲೆಕ್ಕಕ್ಕೆ ಸಿಗುತ್ತಿದ್ದರು. ಅದೇ ಗುಡ್ಡದ ಪದ್ಧತಿಯಾಯಿತು. ಹೊಸದಾಗಿ ಬಂದವರು ಕಾರ್ಡು ತೆಗೆದರೆ, "ಒಳಗಿಡಿ, ಅವಳಿಗೆ ಬೇಜಾರಾಗತ್ತೆ" ಎಂದು ಪಕ್ಕದವರು ಪಿಸುಗುಡುತ್ತಿದ್ದರು.

"ಹೇಗಿದ್ರೂ ಪುಕ್ಕಟೆ ತಾನೆ, ತೋರಿಸಿದ್ರೇನು ಬಿಟ್ರೇನು ಅಂದ್ಕೊಂಡಿದ್ದೆ" ಎಂದು ರೋನಾ ಈಗ ಹೇಳುತ್ತಾರೆ. "ಅದು ದುಡ್ಡು ಎಣಿಸೋ ಯಂತ್ರ ಅಂತ ಗೊತ್ತಿತ್ತು. ಜನಾನ ಎಣಿಸತ್ತೆ ಅಂತ ತಲೆಗೇ ಹೋಗಿರಲಿಲ್ಲ."

ದೇವರು ಎಣಿಸುವ ರೀತಿ ಬೇರೆ, ನಗರ ಎಣಿಸುವ ರೀತಿ ಬೇರೆ. ಕನಿಕರದಿಂದ ಬೀಸಿದ ಕೈ ಇಷ್ಟು ಜನರನ್ನು ಲೆಕ್ಕದಿಂದಲೇ ಅಳಿಸಿಹಾಕಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಸ್ಸು ನಿಂತುಹೋಗುತ್ತಿತ್ತು, ರೋನಾ ಬೇರೆ ದಾರಿಯಲ್ಲಿ ಓಡಿಸಿಕೊಂಡಿರುತ್ತಿದ್ದರು. ಹೇಳಿದರೆ ಬಸ್ಸು ಉಳಿದೀತು, ಕೆಲಸ ಹೋದೀತು. ಕಾರ್ಡು ನೋಡದೆ ಹತ್ತಿಸಿಕೊಳ್ಳುವುದು ಚಾಲಕರಿಗೆ ದೊಡ್ಡ ತಪ್ಪು.

ರೋನಾ ಎದ್ದು ನಿಂತರು. "ಯಂತ್ರ ಸರಿಯಾಗಿದೆ. ಅದಕ್ಕೆ ತೋರಿಸದೇ ಇದ್ದೋಳು ನಾನು" ಅಂದರು.

"ಬಾಯ್ಮುಚ್ಕೊಂಡು ಕೂತ್ಕೊಳೆ ರೋನಾ!" ನೆಟ್ಟಾ ಗದರಿದರು. "ಅವಳಿಗೆ ಜ್ವರ, ಏನೇನೋ ಮಾತಾಡ್ತಾಳೆ."

"ಜ್ವರ ಇಲ್ಲ ನೆಟ್ಟಾ. ಹೇಳೋಕೆ ಬಿಡು."

ಪೂರ್ತಿ ಹೇಳಿದರು. ಮಿಸ್ ಕ್ಯಾಲಂಡರ್ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಕೊನೆಗೆ, "ನೀವು ಹೇಳಿದ್ದನ್ನ ನಾನು ಮೇಲಿನವರಿಗೆ ತಿಳಿಸಲೇಬೇಕಾಗತ್ತೆ" ಎಂದರು. ಪೆನ್ನು ಮತ್ತೆ ಕೈಗೆತ್ತಿಕೊಂಡು, "ಹೊಸದಾಗಿ ಒಂದು ತಿಂಗಳು ಎಣಿಸೋಣ ಅಂತಾನೂ ತಿಳಿಸ್ತೀನಿ" ಎಂದು ಸೇರಿಸಿದರು.

ಆ ತಿಂಗಳು ರೋನಾ ಪಟ್ಟ ಪಾಡು ಅವರಿಗೇ ಗೊತ್ತು. ಕೈ ತಾನಾಗಿಯೇ ಮೇಲೇಳುತ್ತಿತ್ತು. ಅದನ್ನು ಸ್ಟೇರಿಂಗಿಗೆ ಒತ್ತಿ ಹಿಡಿದು ಕೂರುತ್ತಿದ್ದರಂತೆ. ಡೂಗಿಯ ಕಾರ್ಡು ಎಂದೋ ಕಳೆದುಹೋಗಿತ್ತು. ಹೊಸದು ಬರುವವರೆಗೆ ಅವರು ಟಿಕೀಟು ಕೊಂಡು, ಪ್ರತಿದಿನ ಅದನ್ನು ರೋನಾಳ ಮೂಗಿನೆದುರು ಆಡಿಸಿ ಒಳಗೆ ಹೋಗುತ್ತಿದ್ದರು. ಒಬ್ಬ ಮುದುಕಿ ಎರಡು ವಾರ ಮಾತು ಬಿಟ್ಟಿದ್ದರು. "ನನ್ನ ಮೇಲೆ ನಂಬಿಕೆ ಇಲ್ವೇನೋ ಅಂದ್ಕೊಂಡೆ" ಎಂದು ಆಮೇಲೆ ಹೇಳಿ, ಒಂದು ಡಬ್ಬಿ ಕಿತ್ತಳೆ ಹಣ್ಣಿನ ಮಾರ್ಮಲೇಡು ಕೊಟ್ಟು ರಾಜಿಯಾದರು.

ತಿಂಗಳ ಕೊನೆಗೆ ಯಂತ್ರ, ದಾರಿಯ ಎಲ್ಲ ನಿಲ್ದಾಣಗಳೂ ಸೇರಿ ಸರಾಸರಿ ಇಪ್ಪತ್ತಮೂರು ಜನ ಎಂದಿತು. ಕೇರ್ನ್‌ಮೂರ್ ಗುಡ್ಡದ ಮೊದಲ ಬಸ್ಸು ಉಳಿಯಿತು.

ರೋನಾಳ ಕೆಲಸವೂ ಉಳಿಯಿತು, ಒಂದು ಕಟ್ಟೆಚ್ಚರಿಕೆಯ ಜೊತೆ. ಇನ್ನೊಮ್ಮೆ ಯಾರನ್ನಾದರೂ ಕೈ ಬೀಸಿ ಹತ್ತಿಸಿಕೊಂಡರೆ ಮನೆಗೆ ಹೋಗಬೇಕು. "ನ್ಯಾಯವಾಗೇ ಇದೆ" ಎನ್ನುತ್ತಾರೆ, ಆಸ್ಪತ್ರೆಯ ಗೇಟಿನ ಮುಂದೆ ಬಸ್ಸು ನಿಲ್ಲಿಸುತ್ತ. ಇಳಿಯುವವರು ಒಬ್ಬೊಬ್ಬರೂ "ಥ್ಯಾಂಕ್ಸ್ ರೋನಾ" ಎಂದು ಹೇಳಿಯೇ ಇಳಿಯುತ್ತಾರೆ. ಇದು ಈ ಊರಿನ ಅಭ್ಯಾಸ. ಹೇಳದೆ ಇಳಿದವರನ್ನು ಹಿಂದಿನವರು ದುರುಗುಟ್ಟಿ ನೋಡುತ್ತಾರೆ. ನೆಟ್ಟಾ ಮೆಟ್ಟಿಲಲ್ಲಿ ನಿಂತು, "ಸಂಜೆ ಮಂಡಿಗೆ ನಾನು ಕೊಟ್ಟ ಎಣ್ಣೆ ಹಚ್ಕೊ, ಡಬ್ಬಿ ನೋಡ್ಕೊಂಡು ಕೂತಿದ್ರೆ ನೋವು ಹೋಗಲ್ಲ" ಎಂದು ಬೈದು ಹೋಗುತ್ತಾರೆ.

ಪಾಳಿಯ ನಡುವಿನ ಬಿಡುವಿನಲ್ಲಿ ಡಿಪೋದ ಕ್ಯಾಂಟೀನು. ರೋನಾ ಸಾಸೇಜು ಇಟ್ಟ ಬನ್ನನ್ನು ಎರಡು ತುಂಡು ಮಾಡಿ ಅರ್ಧವನ್ನು ಆಮೇಲಕ್ಕೆಂದು ಕಾಗದದಲ್ಲಿ ಸುತ್ತಿಡುತ್ತಾರೆ. ಬಸ್ಸು ಉಳಿದ ಮಾತು ಬಂದಾಗ ಅವರ ಮುಖದಲ್ಲಿ ಗೆದ್ದ ಕಳೆ ಇಲ್ಲ.

"ನಮ್ಮದು ಉಳೀತು ನಿಜ. ಆದ್ರೆ ಡಿಪೋಗೆ ಬಸ್ಸೇನೂ ಹುಟ್ಟಿ ಬರಲಿಲ್ಲವಲ್ಲ. ಯಾವುದಾದ್ರೂ ಒಂದು ಹೋಗಲೇಬೇಕಿತ್ತು. ವಿನ್‌ಫೋರ್ಡ್ ಕಡೆಯ ಮೊದಲ ಬಸ್ಸಿಗೆ ಕಾಗದ ಅಂಟಿಸಿದಾರೆ."

ವಿನ್‌ಫೋರ್ಡ್ ನಗರದ ಇನ್ನೊಂದು ತುದಿಯ ಬಡಾವಣೆ. ಅಲ್ಲೂ ಬೆಳಿಗ್ಗೆ ಎದ್ದು ಹೋಗುವವರು ಇಂಥವರೇ, ಅಡುಗೆಮನೆಗಳಿಗೆ, ವೃದ್ಧಾಶ್ರಮಗಳಿಗೆ, ಮೀನಿನ ಶೆಡ್ಡುಗಳಿಗೆ. ಆ ಬಸ್ಸಿನಲ್ಲಿ ಐದು ಜನ ಎಂದು ಯಂತ್ರ ಹೇಳುತ್ತದೆ. ಅದರ ಚಾಲಕ ಮರ್ಡೋ, ಹೆಚ್ಚು ಮಾತಿಲ್ಲದ ಮನುಷ್ಯ, ನಿವೃತ್ತಿಗೆ ಒಂದೇ ವರ್ಷ ಬಾಕಿ ಇರುವವರು. ಕಾಗದ ಅಂಟಿಸಿದ ಮರುದಿನ ರೋನಾ ತಟ್ಟೆ ಹಿಡಿದುಕೊಂಡು ಹೋಗಿ ಅವರ ಎದುರು ಕೂತರು.

"ಮರ್ಡೋ, ನೀನೂ ಕೈ ಬೀಸ್ತಿದ್ಯಾ?"

ಮರ್ಡೋ ಟೀಗೆ ಸಕ್ಕರೆ ಹಾಕಿರಲಿಲ್ಲ, ಆದರೂ ಚಮಚದಲ್ಲಿ ಕಲಕಿದರು.

"ನನಗೆ ಇನ್ನೊಂದೇ ವರ್ಷ ಕಣೆ ರೋನಾ" ಅಂದರು.

"ಗೊತ್ತು."

"ನಿನಗೆ ಎಚ್ಚರಿಕೆ ಕೊಟ್ಟು ಬಿಟ್ರು. ನನಗೂ ಹಾಗೇ ಬಿಡ್ತಾರೆ ಅಂತ ಏನು ಖಾತ್ರಿ?"

"ಖಾತ್ರಿ ಏನೂ ಇಲ್ಲ. ನನಗೂ ಇರಲಿಲ್ಲ."

ಅಷ್ಟೇ ಮಾತು. ಅದಾಗಿ ನಾಲ್ಕು ದಿನ ಮರ್ಡೋ ಬೇರೆ ಮೇಜಿನಲ್ಲಿ ಕೂತರು. ಐದನೆಯ ದಿನ ಬಂದು ರೋನಾಳ ಎದುರು ತಟ್ಟೆ ಇಟ್ಟರು. "ವಿನ್‌ಫೋರ್ಡಿನ ಸಭೆ ಮಂಗಳವಾರ" ಎಂದು ಮಾತ್ರ ಹೇಳಿ ತಿನ್ನಲು ಶುರುಮಾಡಿದರಂತೆ.

ಆ ಸಭೆಯಲ್ಲಿ ವಿನ್‌ಫೋರ್ಡಿನ ಬಸ್ಸು ಉಳಿದರೆ ಸರದಿ ಇನ್ನೊಂದು ಬಡಾವಣೆಗೆ ಹೋಗುತ್ತದೆ, ಅಲ್ಲವೇ ಎಂದು ಕೇಳಿದರೆ ರೋನಾ ತಲೆಯಾಡಿಸುತ್ತಾರೆ.

"ಹೋಗಲಿ. ಅಲ್ಲೂ ಒಬ್ಬ ಡ್ರೈವರ್ ಇರ್ತಾನಲ್ಲ" ಎನ್ನುತ್ತಾರೆ ರೋನಾ. "ಎಲ್ಲಾ ಕಡೆ ಸರಿಯಾಗಿ ಎಣಿಸಿ ಆದ್ಮೇಲೆ, ಯಾವ ಬಸ್ಸೂ ಖಾಲಿ ಇಲ್ಲ ಅಂತ ಅವರೇ ಹೇಳ್ಬೇಕಾಗತ್ತೆ. ಆಗ ಹೊಸ ಬಸ್ಸು ತರ್ತಾರೋ ಇಲ್ವೋ, ಅದು ನನ್ನ ಕೈಯಲ್ಲಿಲ್ಲ. ಖಾಲಿ ಇತ್ತು ಅಂತ ಸುಳ್ಳು ಹೇಳಿ ಮಾತ್ರ ನಿಲ್ಲಿಸಬಾರದು."

ಗಡಿಯಾರ ನೋಡಿ ಏಳುತ್ತಾರೆ. ಕಾಗದದಲ್ಲಿ ಸುತ್ತಿಟ್ಟ ಅರ್ಧ ಬನ್ನು ಕೋಟಿನ ಜೇಬಿಗೆ ಹೋಗುತ್ತದೆ. ಮತ್ತೆ ಬಸ್ಸಿನ ಸುತ್ತ ಒಂದು ಸುತ್ತು, ಚಕ್ರಕ್ಕೆ ಒಂದು ಒದೆ. ಸೀಟಿಗೆ ಏರಿ ಕೂತು ಬೆಲ್ಟು ಎಳೆದುಕೊಳ್ಳುತ್ತ, ಕೇಳದಿದ್ದರೂ ಹೇಳುತ್ತಾರೆ:

"ಮಂಗಳವಾರ ರಜೆ ಹಾಕಿದೀನಿ. ಅವತ್ತು ಚರ್ಚಲ್ಲಿ ನಾನು ಎದ್ದು ನಿಂತಾಗ ನನ್ನ ಪಕ್ಕ ಯಾರೂ ಇರಲಿಲ್ಲ. ಮುಂದಿನ ಕುರ್ಚಿ ಹಿಡ್ಕೊಂಡಿದ್ದೆ. ಮರ್ಡೋ ಪಕ್ಕದಲ್ಲಿ ಒಬ್ರು ಕೂತಿರ್ಲಿ ಅಂತ."