ರೆಕ್ಕೆ ತಾಗಿಸುವ ಆಟ

ನನ್ನ ಹೆಂಡತಿಯ ತಮ್ಮ ಚಲಪತಿ ಚಪ್ಪಾಳೆ ತಟ್ಟುವುದಿಲ್ಲ. ನಾಟಕಕ್ಕೆ ಕರೆದುಕೊಂಡು ಹೋದರೂ ಅಷ್ಟೆ, ಶಾಲೆಯಲ್ಲಿ ನಮ್ಮ ಮಗಳಿಗೆ ಬಹುಮಾನ ಕೊಟ್ಟಾಗಲೂ ಅಷ್ಟೆ, ಕೈಕಟ್ಟಿ ಕುಳಿತಿರುತ್ತಾನೆ. ಬಂಗಾರಪೇಟೆಯ ನಮ್ಮ ಬೀದಿಯವರು ಇದನ್ನು ಜಂಬ ಅಂದುಕೊಂಡಿದ್ದಾರೆ. ವಿಮಾನಗಳ ಜೊತೆ ಬದುಕಿ ಬಂದವನಲ್ಲವೇ, ನಮ್ಮಂಥವರ ಆಟಪಾಟ ಅವನ ಕಣ್ಣಿಗೆ ಹತ್ತೀತೇ ಎಂದು ಆಡಿಕೊಳ್ಳುತ್ತಾರೆ. ಇಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅವನಿಗಿಂತ ಮೊದಲು ನನ್ನ ಬಣ್ಣ ಬಯಲಾಗುತ್ತಿತ್ತು. ಈಗ ವಯಸ್ಸಾಯಿತು, ರೈಲ್ವೆ ಪಾರ್ಸಲ್ ಆಫೀಸಿನ ಕುರ್ಚಿಯೂ ಹೋಯಿತು. ಇನ್ನು ಮುಚ್ಚಿಟ್ಟು ಏನಾಗಬೇಕು?

ಚಲಪತಿಯ ವಿಷಯ ಹೇಳಬೇಕಾದರೆ ಅವನ ಅಪ್ಪನಿಂದ ಶುರು ಮಾಡಬೇಕು. ನನ್ನ ಮಾವ ಮುನಿಸ್ವಾಮಪ್ಪನವರು ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯಲ್ಲಿ ಮರ ಕಟ್ಟುವ ಮೇಸ್ತ್ರಿ. ಸುರಂಗದ ಸೂರು ಕುಸಿಯದಂತೆ ಕಂಬ ಕೊಟ್ಟು ನಿಲ್ಲಿಸುವುದು ಅವರ ಕೆಲಸ. ಯಾವುದೇ ಜಾಗಕ್ಕೆ ಆಳುಗಳನ್ನು ಬಿಡುವ ಮೊದಲು ತಾವೊಬ್ಬರೇ ಮುಂದೆ ಹೋಗಿ ಹಾರೆಯಿಂದ ಬಂಡೆಯನ್ನು ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಗಣ್ ಎಂದರೆ ಬಂಡೆ ಗಟ್ಟಿ. ದಬ್ ಎಂದರೆ ಒಳಗೆಲ್ಲೋ ಬಿಟ್ಟುಕೊಂಡಿದೆ, ಈಗ ಬೀಳುತ್ತದೋ ನಾಳೆ ಬೀಳುತ್ತದೋ ದೇವರಿಗೇ ಗೊತ್ತು. ಆಗ ಅವರ ಬಾಯಲ್ಲಿ ಬರುತ್ತಿದ್ದದ್ದು ಎರಡೇ ಮಾತು: "ಈಚೆಗೆ ಬರ್ರಿ." ಯಾಕೆ, ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಎದ್ದು ಬರುತ್ತಿದ್ದರು.

ಈ ತಟ್ಟುವ ಚಾಳಿ ಮನೆಗೂ ಬಂದಿತ್ತು. ಮಡಕೆ, ಹಲಸಿನ ಹಣ್ಣು, ಮಂಚದ ಕಾಲು, ಎಲ್ಲವನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುವರು. ನನ್ನ ಮದುವೆಯಲ್ಲಿ ನಾನು ಠೀವಿಯಿಂದ ತಂದಿದ್ದ ಟ್ರಂಕನ್ನು ತಟ್ಟಿ, "ಅಳಿಯಂದ್ರೆ, ಒಳಗೇನೂ ಇದ್ದಂಗಿಲ್ಲ" ಅಂದರು. ಚಪ್ಪರವೆಲ್ಲ ನಕ್ಕಿತು. ನಿಜಕ್ಕೂ ಅದರಲ್ಲಿ ಎರಡು ಪಂಚೆ ಬಿಟ್ಟರೆ ಏನೂ ಇರಲಿಲ್ಲ.

ಚಲಪತಿ ಎಸ್ಸೆಸ್ಸೆಲ್ಸಿ ಮುಗಿಸಿ ಐವತ್ಮೂರರಲ್ಲಿ ವಿಮಾನ ಪಡೆಗೆ ಸೇರಿದ. ಹಾರುವವನಲ್ಲ, ಹಾರುವ ಮೊದಲು ವಿಮಾನದ ಮೈ, ರೆಕ್ಕೆ, ಬಾಲ ನೋಡಿ, ಎಲ್ಲ ಸರಿ ಇದೆ ಎಂದು ಪುಸ್ತಕದಲ್ಲಿ ಬರೆದು ರುಜು ಹಾಕುವ ಫಿಟ್ಟರು. ಅಲ್ಲಿಯೂ ಅಪ್ಪನ ಚಾಳಿ ಬಿಡಲಿಲ್ಲ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ರೆಕ್ಕೆಯನ್ನು ಉದ್ದಕ್ಕೂ ತಟ್ಟುತ್ತಾ ಹೋಗುತ್ತಿದ್ದನಂತೆ. ಜೊತೆಯವರು ಅವನಿಗೆ ಮಡಕೆ ವ್ಯಾಪಾರಿ ಎಂದು ಹೆಸರಿಟ್ಟಿದ್ದರು. ಆದರೆ ಪೈಲಟ್ಟುಗಳು ಅವನು ತಟ್ಟದ ವಿಮಾನ ಹತ್ತುತ್ತಿರಲಿಲ್ಲ ಎಂದು ನನ್ನ ಹೆಂಡತಿ ಗಂಗರತ್ನಮ್ಮ ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಅರವತ್ತೆರಡರ ಹೊತ್ತಿಗೆ ಅವನನ್ನು ನಾಲ್ಕು ಜೆಟ್ ವಿಮಾನಗಳ ಒಂದು ಪ್ರದರ್ಶನ ತಂಡಕ್ಕೆ ಹಾಕಿದರು. ಮುಂದೊಂದು, ಆಚೀಚೆ ಒಂದೊಂದು, ಹಿಂದೊಂದು, ಹೀಗೆ ಒತ್ತಾಗಿ ಹಾರುತ್ತಾ ಆಕಾಶದಲ್ಲಿ ಲಾಗ ಹಾಕುವುದು. ರೆಕ್ಕೆಗೂ ರೆಕ್ಕೆಗೂ ನಡುವೆ ಎಂಟಡಿ. ಪಕ್ಕದ ಪೈಲಟ್ಟು ನೆಲ ನೋಡುವಂತಿಲ್ಲ, ಆಕಾಶ ನೋಡುವಂತಿಲ್ಲ. ಮುಂದಿನ ವಿಮಾನದ ರೆಕ್ಕೆಯ ದೀಪವೂ ಅದರ ಮೈಮೇಲಿನ ಒಂದು ಗುರುತೂ ಒಂದೇ ಗೆರೆಗೆ ಕಾಣುತ್ತಿರಬೇಕು, ಕಣ್ಣು ಅಲ್ಲಿಂದ ಕದಲಬಾರದು. "ಚೆನ್ನಾಗಿ ಆರಿದ್ರೆ ನೋಡೋರಿಗೆ ಏನೂ ಆಗ್ದಂಗೆ ಕಾಣ್ತೈತೆ ಭಾವ, ಅದೇ ಕಷ್ಟ" ಎಂದು ಚಲಪತಿ ಹೇಳಿದಾಗ ನನಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಅರವತ್ಮೂರರ ಜನವರಿಯಲ್ಲಿ. ಚೀನಾ ಯುದ್ಧ ಆಗಷ್ಟೇ ನಿಂತಿತ್ತು. ರಕ್ಷಣಾ ನಿಧಿಗಾಗಿ ಊರೂರಲ್ಲಿ ಸಭೆ, ಮೆರವಣಿಗೆ. ಕೆಜಿಎಫ್‌ನಲ್ಲಿ ಆ ನಾಲ್ಕು ವಿಮಾನಗಳ ಪ್ರದರ್ಶನ ಇಟ್ಟರು. ಮೈದಾನ ತುಂಬಿ, ಜನ ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲೆಲ್ಲ ಹತ್ತಿ ಕುಳಿತಿದ್ದರು. ಚಲಪತಿ ಬೆಳಿಗ್ಗೆಯೇ ಲಾರಿಯಲ್ಲಿ ಬಂದು, ವಿಮಾನಗಳು ಜನರ ಕಡೆ ದಾಟಬಾರದ ಗಡಿ ಮೇಲಿನವರಿಗೆ ಕಾಣಲೆಂದು ಸುಣ್ಣದ ಗೆರೆ ಎಳೆಸಿ, ಖಾಕಿ ಬಟ್ಟೆಯಲ್ಲಿ ನಮ್ಮ ಹತ್ತಿರ ಬಂದು ನಿಂತ.

ವಿಮಾನಗಳು ಬಂದವು. ನಾಲ್ಕೂ ಒಟ್ಟಿಗೆ ಎದ್ದವು, ಒಟ್ಟಿಗೆ ತಲೆಕೆಳಗಾದವು, ಒಟ್ಟಿಗೆ ಇಳಿದವು. ನಡುವಿನ ಎಂಟಡಿ ಕೂದಲಷ್ಟೂ ಹೆಚ್ಚುಕಡಿಮೆ ಆಗಲಿಲ್ಲ. ಜನ ಮೊದಲ ಸಲ ಬಾಯಿ ಬಿಟ್ಟುಕೊಂಡು ನೋಡಿದರು, ಎರಡನೇ ಸಲ ಸುಮ್ಮನೆ ನೋಡಿದರು, ಮೂರನೇ ಸಲಕ್ಕೆ ಹೆಂಗಸರು ಬುತ್ತಿ ಬಿಚ್ಚಿದರು, ಕಡಲೆಕಾಯಿಯವನಿಗೆ ವ್ಯಾಪಾರ ಕುದುರಿತು. ನಾನೂ ಆಕಳಿಸಿದೆ. ನನ್ನ ಯೋಗ್ಯತೆ ಅಷ್ಟೇ.

ಅಷ್ಟರಲ್ಲಿ ಒಂದು ತಿರುವಿನಲ್ಲಿ ಎಡಗಡೆಯ ವಿಮಾನ, ಮೂರನೇ ನಂಬರಿನದು, ಥಟ್ಟನೆ ಒಳಕ್ಕೆ ಜಾರಿತು. ಅದರ ರೆಕ್ಕೆ ಮುಂದಿನದರ ರೆಕ್ಕೆಯಡಿ ನುಗ್ಗಿ ಹೊರಗೆ ಬಂತು. ಬಿಸಿಲಲ್ಲಿ ಏನೋ ಪಳಕ್ಕೆಂದಿತು. ಮೈದಾನವೇ ಎದ್ದು ನಿಂತಿತು. ಶಿಳ್ಳೆ, ಕೇಕೆ, ಟೋಪಿಗಳು ಗಾಳಿಗೆ. ನಾನು ಕೈ ಕೆಂಪಾಗುವ ಹಾಗೆ ಚಪ್ಪಾಳೆ ತಟ್ಟಿ, ಶಭಾಷ್ ಎಂದು ಚಲಪತಿಯ ಬೆನ್ನಿಗೆ ಗುದ್ದಲು ತಿರುಗಿದೆ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಚಪ್ಪಾಳೆ ತಟ್ಟದೆ ಇದ್ದವರು ಇನ್ನೊಬ್ಬರು, ನನ್ನ ಮಾವ. "ಅದು ಬೇಕಂತ ಮಾಡಿದ್ದೇನ್ಲಾ?" ಎಂದು ಮಗನನ್ನು ಕೇಳಿದರು.

"ಅಲ್ಲಪ್ಪಾ. ಕೈ ತಪ್ಪಿದ್ದು."

"ತಾಗ್ತಾ?"

"ಅಂಗೇ ಕಾಣ್ತು. ಓಗಿ ತಟ್ಟಿ ನೋಡ್ಬೇಕು."

"ನೋಡಿ ಬರಿ. ಬರೆಯೋದು ಮರೀಬ್ಯಾಡ" ಅಂದರು ಮಾವ. ಅಷ್ಟು ಹೇಳುವಷ್ಟರಲ್ಲಿ ಅವರಿಗೆ ಕೆಮ್ಮು ಒತ್ತಿ ಬಂತು. ಆಗಲೇ ಅವರ ಎದೆಗೆ ಗಣಿಯ ದೂಳಿನ ರೋಗ ಹಿಡಿದು ಎರಡು ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಬೆನ್ನ ಮೇಲೆ ಬೆರಳಿಟ್ಟು ತಟ್ಟಿದಾಗ ಸದ್ದು ಕೇಳಿಯೇ ಅವರಿಗೆ ಎಲ್ಲ ತಿಳಿದುಹೋಗಿತ್ತು. ಡಾಕ್ಟರು ಸುತ್ತಿಬಳಸಿ ಮಾತು ಶುರು ಮಾಡುವುದರೊಳಗೆ ಅಂಗಿ ಹಾಕಿಕೊಂಡು ಎದ್ದುಬಂದಿದ್ದರು.

ಬಂಗಾರಪೇಟೆಗೆ ಬಂದರೆ ಎಲ್ಲಿ ನೋಡಿದರೂ ಅದೇ ಮಾತು. ನಾಲ್ಕು ವಿಮಾನಗಳ ಮಾತಲ್ಲ, ರೆಕ್ಕೆ ತಾಗಿಸಿದ ಆ ಒಂದು ವಿಮಾನದ ಮಾತು. ಅಕ್ಕಿ ಗಿರಣಿಯ ಚಿಕ್ಕವೆಂಕಟಪ್ಪನವರಿಗೆ ಹೊಟ್ಟೆ ಉರಿದುಹೋಯಿತು. "ಗಣಿಯೋರು ನೋಡಿದ್ದು ನಮಗ್ಯಾಕೆ ಬ್ಯಾಡ? ನಾವೇನು ನಿಧಿಗೆ ಕೊಟ್ಟಿಲ್ವಾ?" ಎಂದು ಮರುದಿನವೇ ಒಂದು ಸಮಿತಿ ಕಟ್ಟಿದರು. ನನ್ನ ಅಕ್ಷರ ದುಂಡಗೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ವಿಮಾನ ತಂಡದ ಅಧಿಕಾರಿಗಳಿಗೆ ಒಂದು ಮನವಿ ಬರೆದೆ. ನನ್ನ ಇಂಗ್ಲಿಷು ಪಾರ್ಸಲ್ ರಸೀದಿಗೆ ಸಾಕು, ಮನವಿಗೆ ಸಾಲದು ಎಂದು ಕನ್ನಡದಲ್ಲೇ ಬರೆದೆ. ಹತ್ತಾರು ರುಜು ಹಾಕಿಸಿ ಆ ವಾರವೇ ಕಳಿಸಿದೆವು. ಏಪ್ರಿಲ್ ಮೊದಲ ಭಾನುವಾರ ಬರುತ್ತೇವೆ ಎಂದು ಉತ್ತರ ಬಂದಾಗ ನಾನು ಸ್ಟೇಷನ್ನಿನಲ್ಲಿ ಕಾಲು ನೆಲಕ್ಕೆ ತಾಗದಂತೆ ಓಡಾಡಿದೆ.

ಮಾರ್ಚಿನಲ್ಲಿ ಚಲಪತಿ ಒಂದು ದಿನದ ರಜೆಯ ಮೇಲೆ ಬಂದ. ಮಾವನೂ ಆಗ ನಮ್ಮ ಮನೆಯಲ್ಲೇ ಇದ್ದರು. ಊಟಕ್ಕೆ ಕೂತಾಗ ಅವರು ಕೇಳಿದರು: "ತಾಗಿತ್ತಾ?"

"ತಾಗಿತ್ತಪ್ಪಾ. ರೆಕ್ಕೆ ತುದೀಲಿ ಮುಂದಿನ ವಿಮಾನದ ಬಣ್ಣ ದಾರದಷ್ಟು ಅಂಟ್ಕೊಂಡಿತ್ತು."

"ತಟ್ಟಿದ್ಯಾ?"

"ದಬ್ ಅಂತು."

"ಬರೆದ್ಯಾ?"

ಚಲಪತಿ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ, "ಬರೆದೆ" ಅಂದ. ಗಂಗರತ್ನಮ್ಮ ಆ ಮೂರನೇ ಪೈಲಟ್ಟಿನ ಬಗ್ಗೆ ವಿಚಾರಿಸಿದಳು. ಆ ಹುಡುಗನಿಗೆ ಇಪ್ಪತ್ನಾಲ್ಕು ವರ್ಷ, ಉತ್ತರದ ಕಡೆಯವನು. ಅವಳು ಕಳಿಸಿದ್ದ ನಿಪ್ಪಟ್ಟಿನ ಡಬ್ಬಿಯನ್ನು ತೊಳೆದು ಒಳಗೆ ಪೇಡ ಇಟ್ಟು ಹಿಂದಕ್ಕೆ ಕಳಿಸಿದ್ದವನು. "ಚೆನ್ನಾಗವ್ನೆ" ಎಂದ ಚಲಪತಿ. ಆಮೇಲೆ ಅನ್ನ ಕಲಸಿ ಹಾಗೇ ಬಿಟ್ಟು ಎದ್ದ. ತಟ್ಟೆ ನೋಡಿ ನನಗೆ ಏನೋ ಕಸಿವಿಸಿಯಾಯಿತು, ಆದರೆ ನಾನು ಶಾಮಿಯಾನದ ಚಿಂತೆಯಲ್ಲಿದ್ದೆ.

ಏಪ್ರಿಲ್ ಭಾನುವಾರ ಊರಾಚೆಯ ಬಯಲಿನಲ್ಲಿ ಶಾಮಿಯಾನ ಎದ್ದಿತು. ಮಾರಿಕುಪ್ಪಂ ರೈಲಿನಲ್ಲಿ ಗಣಿಯವರೂ ಮತ್ತೆ ನೋಡಲು ಬಂದಿದ್ದರು. ಬಿಸಿಲು ಉರಿಯುತ್ತಿತ್ತು, ಗಾಳಿ ಒಂದೇ ಸಮನೆ ದೂಳೆಬ್ಬಿಸುತ್ತಿತ್ತು. ಚಲಪತಿ ಬೆಂಗಳೂರಿನಿಂದ ಬಂದು ಸುಣ್ಣದ ಗೆರೆ ಹಾಕಿಸಿದ್ದ. ಚಿಕ್ಕವೆಂಕಟಪ್ಪನವರು ಗೆರೆ ತೀರಾ ದೂರವಾಯಿತು, ಹತ್ತಿರಕ್ಕೆ ಹಾಕಿಸು ಎಂದು ಪೀಡಿಸಿದರು. ಅದೊಂದಕ್ಕೆ ಮಾತ್ರ ಅವನು ಜಗ್ಗಲಿಲ್ಲ. ಆ ದಿನ ಬಯಲಿನಲ್ಲಿದ್ದ ಸಾವಿರಾರು ಜನ ಇವತ್ತಿಗೂ ಆ ಗೆರೆಯ ಋಣದಲ್ಲಿದ್ದಾರೆ, ಅವರಿಗದು ಗೊತ್ತಿಲ್ಲ.

ಮಾವ ಕೋಲೂರಿಕೊಂಡು ಬಂದರು. ಬಂದವರು ನೇರವಾಗಿ ಮಗನ ಹತ್ತಿರ ಹೋದರು. "ಇವತ್ತು ಬರೋ ಮೂರನೇದು ಬ್ಯಾರೇದು ತಾನೆ?"

ಚಲಪತಿ ಆಕಾಶ ನೋಡುತ್ತಿದ್ದ.

"ಬರೆದೆ ಅಂದ್ಯಲ್ಲೋ?"

"ಬರೆದೆನಪ್ಪಾ."

ಮಾವ ಕೋಲನ್ನು ಎಡಗೈಗೆ ದಾಟಿಸಿಕೊಂಡು, ಬಲಗೈ ಗೆಣ್ಣಿನಿಂದ ಮಗನ ಎದೆಯ ಮೇಲೆ, ಖಾಕಿ ಜೇಬಿನ ಮೇಲೆ, ಎರಡು ಸಲ ತಟ್ಟಿದರು. ಕತ್ತು ವಾಲಿಸಿ ಕೇಳಿದರು. ನನಗೆ ನಗು ಬಂತು. ಸುತ್ತ ನಿಂತಿದ್ದವರೂ ನಕ್ಕರು.

"ದಬ್ ಅಂತೈತೆ ಕಣ್ಲಾ" ಅಂದರು ಅವರು. ಆಮೇಲೆ ನನ್ನ ಕಡೆ ತಿರುಗಿದರು. "ಅಳಿಯಂದ್ರೆ, ಆಟ ನಿಲ್ಸಿ. ಜನಾನ ಈಚೆಗೆ ಕರೀರಿ."

ಗಣಿಯೊಳಗೆ ನೂರು ಆಳು ಆ ಮಾತಿಗೆ ಎದ್ದು ಬರುತ್ತಿದ್ದರು. ನಾನು ಎದೆಯ ಮೇಲಿನ ಕಾರ್ಯದರ್ಶಿ ಬ್ಯಾಡ್ಜು ಸರಿಮಾಡಿಕೊಂಡು, "ಈಗ ಸುಮ್ನಿರಿ ಮಾವ, ದೊಡ್ಡೋರೆಲ್ಲ ಕೂತವ್ರೆ" ಅಂದೆ. ಚಲಪತಿ ಒಂದು ಕ್ಷಣ ಅಪ್ಪನ ಮುಖ ನೋಡಿ, ಕೈಯಲ್ಲಿದ್ದ ಕೆಂಪು ಬಾವುಟ ಬಿಚ್ಚುತ್ತಾ ಗೆರೆಯ ಕಡೆಗೆ ಓಡತೊಡಗಿದ. ಅಷ್ಟರಲ್ಲಿ ಸದ್ದು ಬಂದೇಬಿಟ್ಟಿತು.

ಅವರು ಸಣ್ಣಪುಟ್ಟ ಆಟ ಆಡಲಿಲ್ಲ. ಜನಕ್ಕೆ ಬೇಕಾದದ್ದನ್ನೇ ಮೊದಲು ತೋರಿಸಿದರು. ತಿರುವಿನಲ್ಲಿ ಮೂರನೇ ವಿಮಾನ ಒಳಕ್ಕೆ ಜಾರಿತು. ಈ ಸಲ ಕೈ ತಪ್ಪಿ ಅಲ್ಲ, ಬೇಕೆಂದೇ. ರೆಕ್ಕೆ ರೆಕ್ಕೆಯಡಿ ಹೋಯಿತು. ಒಂದು ಚೂರು ಬೆಳ್ಳಗೆ ಹೊಳೆಯುತ್ತಾ ಬೇರೆಯಾಗಿ ನಿಧಾನವಾಗಿ ಕೆಳಗಿಳಿಯಿತು. ವಿಮಾನ ಮಗುಚಿತು. ನಾವು ಚಪ್ಪಾಳೆ ತಟ್ಟಿದೆವು.

ಹೌದು, ತಟ್ಟಿದೆವು. ಅದೂ ಆಟವೇ ಅಂದುಕೊಂಡೆವು. ವಿಮಾನ ಮಗುಚಿಕೊಂಡೇ ನಮ್ಮ ಎದುರಿಗೆ, ಸುಣ್ಣದ ಗೆರೆಯಾಚೆ, ಕೆರೆಯ ಹಿಂದಿನ ಹೊಲದ ಕಡೆ ಇಳಿಯುತ್ತಿದ್ದಾಗಲೂ ಶಿಳ್ಳೆ ಹಾಕುತ್ತಿದ್ದರು. ಹೊಗೆ ಎದ್ದಾಗಲೂ ಶಾಮಿಯಾನದ ಹಿಂದಿನ ಸಾಲಿನಲ್ಲಿ ಯಾರೋ ಇನ್ನೂ ತಟ್ಟುತ್ತಿದ್ದರು. ಆಮೇಲೆ ಆ ಸದ್ದೂ ನಿಂತಿತು. ಗೆರೆಯ ಮೇಲೆ ಚಲಪತಿ ಬಾವುಟ ಹಿಡಿದು ನಿಂತೇ ಇದ್ದ.

ನೆಲದ ಮೇಲೆ ಯಾರಿಗೂ ಏನೂ ಆಗಲಿಲ್ಲ. ಆ ಹುಡುಗ ಉಳಿಯಲಿಲ್ಲ. ತನಿಖೆಯಲ್ಲಿ ಚಲಪತಿ ತಾನೇ ಎದ್ದು ನಿಂತು ಎಲ್ಲ ಒಪ್ಪಿಕೊಂಡ: ಗುರುತು ಕಂಡಿದ್ದೆ, ತಟ್ಟಿದ್ದೆ, ಮೇಲೆ ಬಣ್ಣ ಬಳಿದು ಸರಿ ಇದೆ ಎಂದು ಬರೆದಿದ್ದೆ. ರೆಕ್ಕೆ ಸಡಿಲವಾಗಿದ್ದರಿಂದ ಮುರಿಯಿತೋ, ಅಥವಾ ಗಟ್ಟಿಯಾಗಿದ್ದರೂ ಆ ಆಟಕ್ಕೆ ಮುರಿಯುತ್ತಿತ್ತೋ, ಯಾರಿಗೂ ಹೇಳಲಾಗಲಿಲ್ಲ. ಅವನಿಗೆ ಎರಡೂ ಒಂದೇ. ಕೈ ತಪ್ಪಿ ತಾಗಿದೆ ಎಂದು ಬರೆದಿದ್ದರೆ ವಿಮಾನವೂ ನಿಲ್ಲುತ್ತಿತ್ತು, ಆಟವೂ ನಿಲ್ಲುತ್ತಿತ್ತು. ಅವನನ್ನು ಕೆಲಸದಿಂದ ತೆಗೆದು ಕಳಿಸಿದರು.

ಮಾವ ಮತ್ತೆ ಆ ಮಾತೆತ್ತಲಿಲ್ಲ. ಮರುವರ್ಷ ತೀರಿಕೊಂಡರು. ಚಲಪತಿ ಅವರ ಹಾರೆ ತೆಗೆದುಕೊಂಡು ನಂದಿದುರ್ಗ ಗಣಿಗೆ ಮರ ಕಟ್ಟುವ ಕೆಲಸಕ್ಕೆ ಇಳಿದ. ಸಣ್ಣ ಅನುಮಾನ ಬಂದರೂ ಆಳುಗಳನ್ನು ಈಚೆಗೆ ಕರೆಯುತ್ತಾನೆ, ಹೆದರುಪುಕ್ಕಲ ಎಂದು ಕೆಲವರು ಆಡಿಕೊಂಡರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಅಲ್ಲಿಯವರು ಹೇಳುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಗಣಿಯ ಸಂಗು ಕೂಗಿತೆಂದರೆ ಒಳಗೆ ಅಪಾಯ; ಅದು ಬಂಗಾರಪೇಟೆಗೆ ಕೇಳಿಸದಿದ್ದರೂ ನನ್ನ ಹೆಂಡತಿ ಕೇಳಿದವಳಂತೆ ಬೆಚ್ಚಿ ಏಳುತ್ತಲೇ ಬದುಕಿದಳು.

ಅರವತ್ತೇಳರಲ್ಲಿ ಒಂದು ಮಧ್ಯಾಹ್ನ ಗಣಿ ಆಳುಗಳ ಸಾಲುಮನೆಗಳಲ್ಲಿದ್ದ ಅವನ ಲೈನ್ ಮನೆಗೆ ಹೋಗಿದ್ದೆ. ತಡೆಯಲಾರದೆ ಕೇಳಿಯೇಬಿಟ್ಟೆ: "ಅಪ್ಪ ಅಷ್ಟು ಹೇಳಿದ್ದರು. ಯಾಕೋ ಬರೀಲಿಲ್ಲ?"

ಅವನು ಟ್ರಂಕು ತೆಗೆದು ಮಡಿಸಿದ ಒಂದು ಕಾಗದ ನನ್ನ ಕೈಗಿಟ್ಟ. ಬಿಚ್ಚಿದರೆ ನಮ್ಮ ಸಮಿತಿಯ ಮನವಿ, ನನ್ನದೇ ದುಂಡಕ್ಷರ.

"ಆಟ ಆಗಿ ವಾರಕ್ಕೆ ತಪಾಸಣೆ ಬಂತು, ತಟ್ಟಿ ನೋಡಿ ಬರೆಯಾಕೆ ಅಂತ್ಲೇ ಪುಸ್ತಕ ಇಡ್ಕೊಂಡು ಓಗಿದ್ದೆ ಭಾವ. ಸಾಹೇಬ್ರು ಕರೆಸಿದ್ರು. ಕನ್ನಡದ ಕಾಗದ ಬಂದೈತೆ, ಓದಿ ಯೇಳು ಅಂದ್ರು. ಎಲ್ಲಾರ ಮುಂದೆ ನಿಂತ್ಕೊಂಡು ಓದಿ ಅರ್ಥ ಯೇಳ್ದೆ. ಆ ಹುಡುಗ ಮಗೂ ತರ ಚಪ್ಪಾಳೆ ತಟ್ಟಿದ. ನೋಡು, ನಿಮ್ಮೋರೇ ಕೇಳ್ತಾವ್ರೆ ಅಂದ. ಅದು ತಪ್ಪು ಅಂತ ಆಮೇಲೆ ಎಂಗೆ ಬರೀಲಿ?"

"ಆ ಒಂದು ಸಾಲು ಬಿಟ್ಟು ಓದಬಹುದಾಗಿತ್ತಲ್ಲೋ" ಅಂದೆ.

"ನಿಮ್ ಅಕ್ಷರ ಅಂತ ಗುರ್ತು ಸಿಕ್ತು. ಬಿಡಾಕೆ ಮನಸ್ಸು ಬರ್ಲಿಲ್ಲ."

ಕಾಗದದ ನಡುವೆ ನಾನು ಬರೆದಿದ್ದೆ: ನಮ್ಮವರೇ ಆದ ಚಲಪತಿಯವರು ತಮ್ಮ ತಂಡದಲ್ಲಿರುವುದು ನಮ್ಮ ಭಾಗ್ಯ, ಮಿಕ್ಕ ಆಟಗಳನ್ನು ಬಿಟ್ಟರೂ ಚಿಂತೆಯಿಲ್ಲ, ರೆಕ್ಕೆ ತಾಗಿಸುವ ಆಟವನ್ನು ಖಂಡಿತವಾಗಿ ತೋರಿಸಬೇಕು. ಆ ಸಾಲಿನ ಕೆಳಗೆ, ಕಣ್ತಪ್ಪಿ ಹೋಗದಿರಲೆಂದು, ನಾನೇ ಸ್ಕೇಲಿಟ್ಟು ಎರಡು ಗೆರೆ ಎಳೆದಿದ್ದೆ.