ಎರೆ ಹೊಲದ ಹೊಗೆ

ಬೆಂಕಿ ಆರಿಸುವ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ದೆವ್ವ ಕೊಳ್ಳಿ ಹಿಡಿದು ಓಡಾಡಿತು, ಬಣವೆಗೆ ತಾನಾಗಿಯೇ ಬೆಂಕಿ ಬಿತ್ತು ಎಂಬ ಮಾತುಗಳನ್ನು ಎಷ್ಟೋ ಹಳ್ಳಿಗಳಲ್ಲಿ ಕೇಳಿದ್ದೇನೆ. ಹೋಗಿ ನೋಡಿದರೆ ಯಾರೋ ಸೇದಿ ಒಗೆದ ಬೀಡಿ ತುಂಡು ಇರುತ್ತಿತ್ತು, ಇಲ್ಲವೇ ಅಣ್ಣತಮ್ಮಂದಿರ ಜಗಳ. ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಗದಗಿನ ಅಗ್ನಿಶಾಮಕ ಠಾಣೆಯಲ್ಲಿದ್ದೆ. ಮದುವೆಯಾಗಿ ಮಕ್ಕಳಾದ ಮೇಲೆ, ನಡುವೆ ಬಿಟ್ಟ ಓದು ಮತ್ತೆ ಕಾಡತೊಡಗಿ, ಬೆಳಗಿನ ಕಾಲೇಜಿನಲ್ಲಿ ಬಿ.ಎ.ಗೆ ಹೆಸರು ಹಚ್ಚಿದೆ. ನಮ್ಮ ಗಾಡಿಯ ಡ್ರೈವರ್ ರಾಜೇಸಾಬನೂ ಜೊತೆಗೆ ಸೇರಿದ. ಲಕ್ಷ್ಮೇಶ್ವರದ ಕಡೆಯವನು, ನನ್ನದೇ ವಾರಿಗೆ. ಖಾಕಿ ಬಟ್ಟೆಯಲ್ಲೇ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ನಮ್ಮನ್ನು ಹುಡುಗರು ‘ಕಾಕಾ’ ಎನ್ನುತ್ತಿದ್ದರು. ಇಬ್ಬರಿಗೂ ಸೇರಿ ಒಂದೇ ಭೂಗೋಳದ ಪುಸ್ತಕ.

ಪರೀಕ್ಷೆ ಹತ್ತಿರ ಬಂದಾಗಲೇ ಹಳ್ಳಿಗಳಲ್ಲಿ ವಾಂತಿಭೇದಿ ಹಬ್ಬಿತು. ಕಾಲರಾ ಎಂದರು ದವಾಖಾನೆಯವರು. ಬಾವಿಯ ನೀರು ಮುಟ್ಟಬೇಡಿರೆಂದು ಡಂಗುರ ಸಾರಿಸಿದರು. ಕುಡಿಯುವ ನೀರು ಒಯ್ಯಲು ಟ್ಯಾಂಕರುಗಳು ಸಾಲದೆ ನಮ್ಮ ಬೆಂಕಿ ಗಾಡಿಯನ್ನೂ ಆ ಕೆಲಸಕ್ಕೆ ಹಚ್ಚಿದರು. ಬೆಳಿಗ್ಗೆ ಕ್ಲಾಸು, ಆಮೇಲೆ ಹೊತ್ತು ಮುಳುಗುವವರೆಗೆ ಹಳ್ಳಿಯಿಂದ ಹಳ್ಳಿಗೆ ನೀರು. ರಾಜೇಸಾಬ ಗಾಡಿ ಓಡಿಸುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಇಂಜಿನ್ನಿನ ಸದ್ದು ಮೀರಿಸಿ ಪಾಠ ಓದುತ್ತಿದ್ದೆ.

ಒಂದು ಮಧ್ಯಾಹ್ನ ಸೊರಟೂರ ದಾಟಿ ಶಿರಹಟ್ಟಿ ಕಡೆಯ ಹಳ್ಳಿಯೊಂದಕ್ಕೆ ಹೊರಟಿದ್ದೆವು. ರಣಬಿಸಿಲು. ಬೆಳೆ ತೆಗೆದ ಎರೆ ಹೊಲಗಳ ಕಪ್ಪು ಮಣ್ಣು ಬಿರಿದು ಬಾಯಿಬಿಟ್ಟಿತ್ತು. ಪುಸ್ತಕದಿಂದ ತಲೆ ಎತ್ತಿದಾಗ ಎಡಗಡೆ ದೂರದಲ್ಲಿ ಹೊಗೆ ಕಂಡಿತು. ಗಾಳಿಗೆ ನಮ್ಮಿಂದ ಆಚೆ ಬಾಗಿದ್ದ ಬಿಳಿ ಹೊಗೆ. ಜೋಳದ ಒಣ ಕಣಿಕೆ ಹತ್ತಿಕೊಂಡಾಗ ಮೊದಲು ಹೀಗೇ ಏಳುವುದು. ನಾನು ಬಾಯಿ ತೆರೆಯುವ ಮೊದಲೇ ರಾಜೇಸಾಬ ಗಾಡಿಯನ್ನು ಚಕ್ಕಡಿ ದಾರಿಗೆ ಹೊರಳಿಸಿದ್ದ.

“ಅಲ್ಲಿ ನೀರಿಗೆ ಕಾಯಾಕತ್ತ್ಯಾರ. ಸಾಹೇಬರು ಬೈತಾರ,” ಎಂದೆ.

“ಬೈಸ್ಕೊಂಡ್ರಾತು ಬಿಡಲೇ,” ಎಂದ.

ಹೋಗಿ ನೋಡಿದರೆ ಹೊಗೆಯಿಲ್ಲ. ಬಣವೆಯೇನೋ ಇತ್ತು, ಆದರೆ ಅದರ ಒಂದು ಎಳೆಯೂ ಕಪ್ಪಾಗಿರಲಿಲ್ಲ. ಸುತ್ತಲೂ ತಿರುಗಿ, ಒಳಗೆ ಕೈ ತೂರಿಸಿ ನೋಡಿದೆ, ತಣ್ಣಗಿತ್ತು. ಆಗ ಹಿಂದಿನ ಗುಡಿಸಲಿನಿಂದ ನರಳಿಕೆ ಕೇಳಿಸಿತು. ಒಳಗೆ ಗಂಡ, ಹೆಂಡತಿ, ಒಬ್ಬ ಸಣ್ಣ ಮಗಳು, ಮುದುಕಿ ಅತ್ತೆ ನೆಲಕ್ಕೆ ಅಂಟಿಕೊಂಡಂತೆ ಬಿದ್ದಿದ್ದರು. ರೋಗಕ್ಕೆ ಹೆದರಿ ಊರು ಬಿಟ್ಟು ಹೊಲಕ್ಕೆ ಬಂದವರು. ರೋಗ ಅವರ ಜೊತೆಗೇ ಬಂದಿತ್ತು. ಒಲೆ ಹಚ್ಚಿ ಎಷ್ಟು ದಿನವಾಗಿತ್ತೋ.

ಅವರನ್ನು ಎತ್ತಿ ಗಾಡಿಯಲ್ಲಿ ಹಾಕಿಕೊಂಡು ಶಿರಹಟ್ಟಿಗೆ ಒಯ್ದೆವು. ಮುದುಕಿ ದಾರಿಯಲ್ಲೇ ಹೋದಳು. ಉಳಿದ ಮೂವರಿಗೆ ಸಲೈನು ಹಚ್ಚಿದರು. ಸಂಜೆಯಾಗಿದ್ದರೆ ಇವರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಹಳ್ಳಿಗೆ ನೀರು ಮುಟ್ಟಿದ್ದು ತಡವಾಯಿತು. ಸಾಹೇಬರು ಬೈದದ್ದನ್ನು ಇಬ್ಬರೂ ತಲೆ ತಗ್ಗಿಸಿ ಕೇಳಿಸಿಕೊಂಡೆವು.

ಕೆಲವು ದಿನಗಳ ಮೇಲೆ ಅದೇ ದವಾಖಾನೆಗೆ ನೀರು ಹಾಕಲು ಹೋದಾಗ ಆ ಹೆಣ್ಣುಮಗಳು ಎದ್ದು ಕೂತಿದ್ದಳು. ನೀಲವ್ವ ಎಂದು ಹೆಸರು. ಮಗಳು ಪಕ್ಕದಲ್ಲಿ ಗಂಜಿ ಕುಡಿಯುತ್ತಿತ್ತು. ಅವತ್ತು ಹೊಗೆ ಕಂಡಿತ್ತಲ್ಲ, ಬೆಂಕಿ ಹಚ್ಚಿದವರು ಯಾರು ಎಂದು ಕೇಳಿದೆ.

“ಯಾರೂ ಹಚ್ಚಿಲ್ರೀ ಅಣ್ಣಾರ. ಹಚ್ಚಬೇಕಂತ ಮಾಡಿದ್ದೆ. ಬಣವಿ ಹತ್ತಿದ್ರ ಹೊಗಿ ನೋಡಿ ಯಾರರ ಬಂದಾರು ಅಂತ ಕಡ್ಡಿಪೆಟಗಿ ಕೈಯಾಗ ಹಿಡಕೊಂಡೆ. ಏಳಾಕ ಆಗಲಿಲ್ಲ. ಮನಸಿನ್ಯಾಗ ಹಚ್ಚಿಕೋತ ಬಿದ್ದಿದ್ದೆ.”

ಮರುದಿನ ಭೂಗೋಳದ ಮೇಷ್ಟರ ಬೆನ್ನು ಹತ್ತಿ ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಕಾದ ಎರೆ ನೆಲದ ಮೇಲೆ ಸುಂಟರಗಾಳಿ ಎದ್ದರೆ ಧೂಳು ಕಂಬದಂತೆ ನಿಲ್ಲುತ್ತದೆ, ಬಿಸಿಲಿಗೆ ಅದು ಬೆಳ್ಳಗೆ ಕಾಣಲೂಬಹುದು ಎಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದರು. ಒಪ್ಪುವಂಥ ಮಾತು. ಅವಳು ಹಾಗೆ ನೆನೆಸಿದ್ದು, ನಮಗೆ ಅದೇ ಹೊತ್ತಿಗೆ ಧೂಳು ಕಂಡದ್ದು ಕಾಕತಾಳೀಯ. ಮನಸ್ಸು ಹಗುರಾಗಿ, ರಾಜೇಸಾಬನನ್ನು ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. ಅವನು ಗಾಡಿ ತೊಳೆಯುವುದನ್ನು ನಿಲ್ಲಿಸಿದ.

“ಧೂಳೋ ಹೊಗಿಯೋ, ನಾ ಏನೂ ನೋಡೇ ಇಲ್ಲಲೇ. ಕಣಿಕಿ ಸುಟ್ಟ ವಾಸನಿ ಬಂತು. ಮೂಗು ಎಳದ ಕಡೆ ಗಾಡಿ ಹೊಳ್ಳಿಸಿದೆ. ನಿನಗ ಬಂದಿದ್ದಿಲ್ಲೇನು?”

ನನಗೆ ಯಾವ ವಾಸನೆಯೂ ಬಂದಿರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ನಾನು ಕಂಡ ಹೊಗೆ ಬಾಗಿದ್ದು ನಮ್ಮಿಂದ ಆಚೆಗೆ. ಗಾಳಿ ನಮ್ಮ ಕಡೆಯಿಂದ ಅತ್ತ ಬೀಸುತ್ತಿತ್ತು.

ಒಬ್ಬನಿಗೆ ಮಾತ್ರ ಆಗಿದ್ದರೆ ಭ್ರಮೆ ಎಂದು ಬಿಡಬಹುದಿತ್ತು. ಇಬ್ಬರಿಗೂ ಒಂದೇ ಆಗಿದ್ದರೆ ಸುಂಟರಗಾಳಿ ಎನ್ನಬಹುದಿತ್ತು. ಒಬ್ಬನ ಕಣ್ಣಿಗೆ ಅಷ್ಟು, ಇನ್ನೊಬ್ಬನ ಮೂಗಿಗೆ ಇಷ್ಟು ಎಂದು ಪಾಲು ಮಾಡಿ ಕೊಟ್ಟಂತಾದ ಆ ಹೊಗೆಗೆ ಏನೆನ್ನಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.