ನಾಳೆ ಹೊರಡದ ಡ್ರಮ್ಮುಗಳು

ಸುಳ್ಳಿನ ಚೀಟಿ ಬರೆದುಕೊಟ್ಟವನು ನಾನೇ. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಇಲ್ಲದಿದ್ದರೆ ಮುಂದಿನ ಸಿಟ್ಟೆಲ್ಲ ಮ್ಯಾನೇಜರ್ ತಲೆಗೇ ಹೋದೀತು. ಅದರಲ್ಲಿ ನನ್ನ ಪಾಲೂ ಇದೆ.

2023ರಲ್ಲಿ ನಾನು ಹಡಗಲಿ ಹತ್ತಿರದ ಒಂದು ಮಿಡಿಸೌತೆ ಕಾರ್ಖಾನೆಯಲ್ಲಿ ಸ್ಪ್ಯಾನಿಷ್ ಮೇಷ್ಟ್ರು. ನಗಬೇಡಿ. ನಮ್ಮ ಹೊಲಗಳ ಮಿಡಿಸೌತೆ ವಿನೆಗರ್ ಡ್ರಮ್ಮಿನಲ್ಲಿ ಕೂತು ಸ್ಪೇನಿಗೆ ಹೋಗುತ್ತದೆ; ಅಲ್ಲಿಯ ಖರೀದಿದಾರರ ಜೊತೆ ಮಾತಾಡಲು ಜನ ಬೇಕು. ಕೊಟ್ಟೂರಿನವನಾದ ನನಗೆ ಆ ಭಾಷೆ ಹತ್ತಿದ್ದು ಫುಟ್‌ಬಾಲ್ ಕಾಮೆಂಟರಿ ಅಣಕಿಸುತ್ತ. ಸರ್ಟಿಫಿಕೇಟು ಆಮೇಲೆ ಬಂತು. ವಾಚ್‌ಮನ್‌ನಿಂದ ಮ್ಯಾನೇಜರ್‌ವರೆಗೆ ಎಲ್ಲರ ದನಿಯನ್ನೂ ಅಣಕಿಸಲು ನನಗೆ ಬರುತ್ತದೆ. ಬೇಕಾದಾಗ ಸಿಗದಿರುವುದು ನನ್ನದೊಂದೇ.

ಮೈಲಮ್ಮ ಕುರಿ ಸಾಕುವವರ ಮನೆಯ ಹುಡುಗಿ. ಮಿಡಿಗಳನ್ನು ಗಾತ್ರ ನೋಡಿ ಬೇರೆ ಮಾಡುವ ಟೇಬಲ್ಲಿನ ಮುಂದೆ ಮೂರು ವರ್ಷ ನಿಂತವಳು. ಆಫೀಸಿನ ಫೋನ್ ಕೆಲಸಕ್ಕೆ ಅವಳನ್ನು ಪರೀಕ್ಷೆಗೆಂದು ತೆಗೆದುಕೊಂಡಿದ್ದರು. ಮೊದಲ ಕರೆ ಗೆದ್ದರೆ ಕುರ್ಚಿ, ಇಲ್ಲದಿದ್ದರೆ ಮತ್ತೆ ಟೇಬಲ್ಲು.

ಸ್ಪ್ಯಾನಿಷ್‌ನಲ್ಲಿ ಭವಿಷ್ಯತ್ ಕಾಲ ಸುಲಭ. ಕ್ರಿಯಾಪದಕ್ಕೆ ಪ್ರತ್ಯಯ ಹಚ್ಚಿದರೆ ಮುಗಿಯಿತು. ಡಜನ್‌ನಷ್ಟು ಮೊಂಡ ಕ್ರಿಯಾಪದಗಳು ಮಾತ್ರ ಮೊದಲು ತಮ್ಮ ರೂಪವನ್ನೇ ಕೆಡಿಸಿಕೊಳ್ಳುತ್ತವೆ. ‘ಸಲೀರ್’ ಎಂದರೆ ಹೊರಡು. ‘ಹೊರಡುತ್ತದೆ’ ಎನ್ನಲು ‘ಸಲ್ದ್ರಾ’. ‘ಅಸೇರ್’ ಎಂದರೆ ಮಾಡು. ‘ಮಾಡುತ್ತೇವೆ’ ಎನ್ನಲು ‘ಅರೇಮೊಸ್’. ಮೈಲಮ್ಮ ಇವನ್ನು ಮಗ್ಗಿಯ ಹಾಗೆ, ಕ್ರೇಟಿಗೊಂದರಂತೆ ಬಾಯಿಪಾಠ ಮಾಡಿದ್ದಳು.

ಕರೆಯ ದಿನ ಬೆಳಿಗ್ಗೆ ಮ್ಯಾನೇಜರ್ ನನ್ನನ್ನು ಕರೆಸಿದರು. “ಮೇಷ್ಟ್ರೇ, ಮಾಲು ನಾಳಿಗೇ ಹೊಂಡತೈತಿ ಅಂತ ಆಕಿ ಕೈಲೆ ಹೇಳಿಸ್ರಿ.”

ಅರ್ಧದಷ್ಟು ಡ್ರಮ್ಮುಗಳು ಇನ್ನೂ ಖಾಲಿ. ಗುರುವಾರದವರೆಗೆ ಒಂದೂ ಗೇಟು ದಾಟುವಂತಿರಲಿಲ್ಲ. ಈ ಫೋನ್ ಕೆಲಸದಲ್ಲಿ ಹಿಂದೆ ಇದ್ದ ಹುಡುಗನೂ ಹೀಗೇ ಹೇಳಿದ್ದ. ಮಾಲು ತಡವಾದಾಗ “ಅವನಿಗೆ ಭಾಷಿನ ಬರಂಗಿಲ್ಲ” ಎಂದು ಅವನನ್ನೇ ಮನೆಗೆ ಅಟ್ಟಿದ್ದರು. ಇಷ್ಟೆಲ್ಲ ಗೊತ್ತಿದ್ದೂ “ಆತ್ರಿ ಸರ್” ಅಂದೆ. ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದೆ: ‘ಸಲ್ದ್ರಾ ಮನ್ಯಾನಾ’, ನಾಳೆ ಹೊರಡುತ್ತದೆ. ಎಷ್ಟು ದುಂಡಗೆ ಬರೆದಿದ್ದೆನೆಂದರೆ, ನೆನೆದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಬೇಕೆನ್ನಿಸುತ್ತದೆ.

ಮೈಲಮ್ಮ ಓದಿದಳು. “ನಾಳೆ ಹೆಂಗ ಹೊಂಡತೈತ್ರಿ ಸರ? ಡ್ರಮ್ಮು ಇನ್ನಾ ತುಂಬೇ ಇಲ್ಲ.”

“ಸುಮ್ನ ಹೇಳವ್ವ. ಕುರ್ಚಿ ಉಳೀತೈತಿ,” ಅಂದೆ.

ಕರೆ ಬಂತು. ಮ್ಯಾನೇಜರ್ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂತರು. ಮಾಲು ಯಾವಾಗ ಎಂದು ಆ ಕಡೆಯ ಹೆಂಗಸು ಕೇಳಿದಳು. ಮೈಲಮ್ಮ ಚೀಟಿಯತ್ತ ನೋಡಲೇ ಇಲ್ಲ. “ಸಲ್ದ್ರಾ ಎಲ್ ಹ್ವೇವೆಸ್” ಅಂದಳು, ಗುರುವಾರ ಹೊರಡುತ್ತದೆ. ಅರ್ಧದಷ್ಟು ಡ್ರಮ್ಮುಗಳು ಖಾಲಿ ಇವೆ ಎಂದೂ ಸೇರಿಸಿದಳು. ಆ ಹೆಂಗಸು ಮ್ಯಾನೇಜರ್‌ಗೂ ತಿಳಿಯುವಂತೆ ಇಂಗ್ಲಿಷಿನಲ್ಲಿ ಹೇಳಿದಳು: ಗುರುವಾರ ನಡೆಯುತ್ತದೆ, ಇನ್ನು ಮೇಲೆ ನಮಗೆ ಈ ಹುಡುಗಿಯೇ ಫೋನ್ ಮಾಡಲಿ.

ಕುರ್ಚಿ ಉಳಿಯಿತು. ಫೋನ್ ಇಟ್ಟದ್ದೇ ತಡ, ಮ್ಯಾನೇಜರ್ ಮೇಜು ಗುದ್ದಿದರು. “ಕುರಿ ಕಾಯೋರನ್ನ ತಂದು ಕುರ್ಚಿ ಮ್ಯಾಲೆ ಕುಂಡ್ರಿಸಿದ್ರ ಹಿಂಗ ಆಕೈತಿ! ಯಾರನ್ನ ಕೇಳಿ ಗುರುವಾರ ಅಂದಿ?”

ಕುರಿ ಕಾಯುವವರಂತೆ! ಅವಳು ಕಲಿತದ್ದರಲ್ಲಿ ಒಂದು ಕ್ರಿಯಾಪದವೂ ಈತನ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ. ಹಾಗಂತ ಮುಖಕ್ಕೆ ಹೇಳುವ ಬದಲು ನಾನು ಮೇಜಿನ ಮೇಲಿದ್ದ ನನ್ನ ಚೀಟಿಯನ್ನು ಮಡಚಿ ಜೇಬಿಗೆ ತುರುಕಿದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೆ: ನಾಳೆಯ ಮಾತಿಗೆ ಆಡಿದವರ ಕೊರಳೇ ಜಾಮೀನು, ಆಡಿಸಿದವರು, ಬರೆದುಕೊಟ್ಟವರು ಯಾವತ್ತೂ ಬಚಾವು.

ಮೈಲಮ್ಮ ಎದ್ದು ಮ್ಯಾನೇಜರ್ ಎದುರು ನಿಂತಳು. ದನಿ ಏರಿಸಲಿಲ್ಲ.

“ಫೋನಿನ್ಯಾಗ ಹೋಗೋ ದನಿ ನಂದ್ರಿ ಸರ್. ನಿಮ್ಮ ಸುಳ್ಳಿಗೆ ನಿಮ್ಮ ಬಾಯಿನ ಬೇಕು. ನಾಳಿಂದ ಮೇಷ್ಟ್ರ ಕ್ಲಾಸಿಗೆ ಬರ್ರಿ, ಮುಂದಿನ ಬೆಂಚು ಖಾಲಿ ಐತಿ.”